ದುಬಾರಿ ವೈರಿನ ಬಣ್ಣ ಬಯಲು

ಭತ್ತದ ದುಡ್ಡು ಕೈಗೆ ಬಂತೆಂದರೆ ದಢೇಸುಗೂರಿನವರು ದೊಡ್ಡ ಟಿವಿಗಾಗಿ ಸಿಂಧನೂರಿಗೋ, ಹೊಳೆ ದಾಟಿ ಸಿರುಗುಪ್ಪಕ್ಕೋ ಹೋಗಬೇಕು. ಚೌಕಾಸಿ ಮುಗಿದು ಬಿಲ್ ಬರೆಯುವಾಗ ಯಾವ ಊರಿನ ಅಂಗಡಿಯಲ್ಲೂ ಕೇಳಿಬರಬಹುದಾದ ಮಾತೊಂದಿದೆ: "ಇಷ್ಟು ದೊಡ್ಡ ಟಿವಿ ತಗೊಂಡೀರಿ ಗೌಡ್ರ, ಸಾದಾ ವೈರ್ ಹಾಕಿದ್ರ ಪಿಕ್ಚರ್ ಮಬ್ಬು ಬರ್ತದ. ಈ ಗೋಲ್ಡ್ ಎಚ್‌ಡಿಎಂಐ ಒಯ್ರಿ." 200 ರೂಪಾಯಿಯ ವೈರು ಸಾಕಿದ್ದ ಕಡೆ 2,000 ರೂಪಾಯಿಯದು ಚೀಲ ಸೇರುತ್ತದೆ.

ಸಾದಾ ವೈರಿನಿಂದ ಚಿತ್ರ ಮಬ್ಬಾಗುವುದಿಲ್ಲ. ಅದು ಸರಿಯಾಗಿ ಕೆಲಸ ಮಾಡುತ್ತಿದ್ದರೆ ಎರಡು ಸಾವಿರದ್ದು ತೋರಿಸುವ ಚಿತ್ರವನ್ನೇ ತೋರಿಸುತ್ತದೆ.

ಹಾಗಂತ ಈ ನಂಬಿಕೆ ಬುಡವಿಲ್ಲದ್ದೇನಲ್ಲ. ಹಳದಿ, ಕೆಂಪು, ಬಿಳಿ ಪಿನ್ನಿನ ಎವಿ ವೈರಿನ ಕಾಲದಲ್ಲಿ ಚಿತ್ರವೆಂದರೆ ವಿದ್ಯುತ್ತಿನ ಏರಿಳಿತ. ತುಂಗಭದ್ರಾ ಎಡದಂಡೆ ನಾಲೆಯ ನೀರು ಕೊನೆ ಭಾಗದ ಗದ್ದೆ ಮುಟ್ಟುವಷ್ಟರಲ್ಲಿ ಕಡಿಮೆಯಾಗುವಂತೆ, ಕಳಪೆ ವೈರಿನಲ್ಲಿ ಆ ಏರಿಳಿತ ಸೊರಗುತ್ತಿತ್ತು, ಬಣ್ಣವೂ ಸೊರಗುತ್ತಿತ್ತು. 2002ರಲ್ಲಿ ಬಂದ ಎಚ್‌ಡಿಎಂಐ ಕಳಿಸುವುದು ಬರೀ ಸೊನ್ನೆ ಮತ್ತು ಒಂದು. ಬಂದದ್ದು ಸೊನ್ನೆಯೋ ಒಂದೋ ಎಂದು ಗುರುತಿಸುವಷ್ಟು ಬಲ ಸಿಗ್ನಲ್‌ಗಿದ್ದರೆ ಟಿವಿಗೆ ಸಾಕು. ಫುಲ್ ಎಚ್‌ಡಿ ಪರದೆಯಲ್ಲಿ 20 ಲಕ್ಷಕ್ಕೂ ಹೆಚ್ಚು ಚುಕ್ಕೆಗಳಿರುತ್ತವೆ. ನಟಿಯ ಸೀರೆಯ ಬಣ್ಣ ಪೇಲವವಾಗಬೇಕಾದರೆ ಅಷ್ಟೂ ಚುಕ್ಕೆಗಳ ಅಂಕಿಗಳು ಒಂದೇ ಹದದಲ್ಲಿ ತಪ್ಪಬೇಕು. ಕೆಟ್ಟ ವೈರಿಗೆ ಅಷ್ಟು ಶಿಸ್ತು ಎಲ್ಲಿಂದ ಬರಬೇಕು? ಅದು ಕೆಟ್ಟಾಗ ಪರದೆಯ ಮೇಲೆ ಬಿಳಿ ಚುಕ್ಕೆಗಳು ಮಿನುಗುತ್ತವೆ, ಚಿತ್ರ ಆಗಾಗ ಕಪ್ಪಾಗಿ ಮರಳುತ್ತದೆ, ಇಲ್ಲವೇ 'ನೋ ಸಿಗ್ನಲ್' ಎಂಬ ಬರಹ ಬರುತ್ತದೆ.

ಚಿನ್ನದ ಲೇಪ ತುಕ್ಕು ತಡೆಯುತ್ತದೆ, ಅಷ್ಟೇ. ವಿದ್ಯುತ್ ಹರಿಸುವುದರಲ್ಲಿ ಚಿನ್ನಕ್ಕಿಂತ ತಾಮ್ರವೇ ಮೇಲು.

'4ಕೆ ವೈರ್', '8ಕೆ ವೈರ್' ಎಂಬ ಮಾತಿನಲ್ಲಿ ಮಾತ್ರ ಸ್ವಲ್ಪ ನಿಜವಿದೆ. ಸೆಕೆಂಡಿಗೆ 60 ಚಿತ್ರಗಳ 4ಕೆಗೆ ಸೆಕೆಂಡಿಗೆ 18 ಗಿಗಾಬಿಟ್ ಒಯ್ಯುವ ವೈರು ಬೇಕು. 8ಕೆ ಮಟ್ಟಕ್ಕೆ ಇರುವ ವೈರು 48 ಗಿಗಾಬಿಟ್‌ನದು. ಪ್ರೀಮಿಯಂ ಹೈ ಸ್ಪೀಡ್, ಅಲ್ಟ್ರಾ ಹೈ ಸ್ಪೀಡ್ ಎಂಬ ಅಧಿಕೃತ ಲೇಬಲ್ ಇದೆಯೇ ನೋಡಿ. ಬೆಲೆ ನೋಡಿ ಇದನ್ನು ತಿಳಿಯಲಾಗದು. ಸೆಟ್ ಟಾಪ್ ಬಾಕ್ಸ್ ಕೊಡುವ ಎಚ್‌ಡಿ ಚಾನೆಲ್‌ಗಂತೂ ಎರಡೂ ಕಾಲು ಗಿಗಾಬಿಟ್‌ನಷ್ಟು ಸಾಕು, ಅದನ್ನು ಯಾವ ವೈರಾದರೂ ಒಯ್ಯುತ್ತದೆ. ಮದುವೆ ಮಂಟಪದ ಈ ತುದಿಯ ಲ್ಯಾಪ್‌ಟಾಪಿನಿಂದ ಆ ತುದಿಯ ಪ್ರೊಜೆಕ್ಟರಿಗೆ 20 ಮೀಟರ್ ಎಳೆಯುವುದಾದರೆ ಬೇರೆ ಮಾತು. ಅಲ್ಲಿ ಆಪ್ಟಿಕಲ್ ಫೈಬರ್ ಎಚ್‌ಡಿಎಂಐಗೆ ಹಣ ಹಾಕಿದರೆ ನಷ್ಟವಿಲ್ಲ.

ಇನ್ನೊಂದು ದೂರು: ಮೋಡ ಕವಿದು ಜೋರು ಮಳೆ ಹಿಡಿದರೆ ಚಿತ್ರ ಚೌಕ ಚೌಕವಾಗಿ ಒಡೆಯುತ್ತದೆ. ಇದಕ್ಕೂ ಎಚ್‌ಡಿಎಂಐ ಬದಲಿಸುವವರಿದ್ದಾರೆ! ಪಾಪ, ಆ ವೈರಿನ ತಪ್ಪೇನೂ ಇಲ್ಲ. ದೂರದರ್ಶನದ ಫ್ರೀ ಡಿಶ್ ಬರುವುದು 93.5 ಡಿಗ್ರಿ ಪೂರ್ವ ರೇಖಾಂಶದಲ್ಲಿರುವ ಜಿಸ್ಯಾಟ್-15 ಉಪಗ್ರಹದಿಂದ. ನಮ್ಮ ಸೀಮೆಯಿಂದ ಅದು ಆಗ್ನೇಯಕ್ಕೆ. ಅದರ ಕೆಯು ಬ್ಯಾಂಡ್ ತರಂಗಗಳನ್ನು ಮಳೆಹನಿಗಳು ಹೀರುತ್ತವೆ, ಚದುರಿಸುತ್ತವೆ. ಚೌಕಗಳು ಕಂಡರೆ ತೊಂದರೆ ಬಾಕ್ಸಿಗಿಂತ ಮೊದಲೇ ಇದೆ ಎಂದು ತಿಳಿಯಬೇಕು. ಮಳೆ ನಿಂತ ಮೇಲೂ ಒಡೆಯುತ್ತಿದ್ದರೆ ಮಾಳಿಗೆ ಹತ್ತಿ ನೋಡಿ: ಗಾಳಿಗೆ ಡಿಶ್ ಅಲುಗಾಡಿರಬಹುದು, ಡಿಶ್‌ನ ಮುಂದೆ ಸಿಗ್ನಲ್ ಹಿಡಿಯುವ ಎಲ್‌ಎನ್‌ಬಿಯ ಪಿನ್ನಿನೊಳಗೆ ನೀರು ಇಳಿದಿರಬಹುದು, ಬಿಸಿಲಿಗೆ ವೈರಿನ ಹೊದಿಕೆ ಬಿರಿದಿರಬಹುದು, ನಡುವೆ ಯಾರೋ ಟೇಪು ಸುತ್ತಿ ಜಾಯಿಂಟ್ ಹಾಕಿರಬಹುದು. ಡಿಶ್‌ನಿಂದ ಬಾಕ್ಸಿಗೆ ಇಳಿಯುವ ಆ ದುಂಡನೆಯ ವೈರಿನಲ್ಲಿ ಸಿಗ್ನಲ್ ಮೀಟರ್ ಮೀಟರಿಗೂ ಸೊರಗುತ್ತದೆ. ಒಳ್ಳೆ ಆರ್‌ಜಿ-6 ವೈರು, ಗಟ್ಟಿ ಪಿನ್ನು ಹಾಕಿಸಬೇಕಾದದ್ದು ಅಲ್ಲಿ. ವಿಚಿತ್ರವೆಂದರೆ ಜನ ಜಿಪುಣತನ ತೋರಿಸುವುದೂ ಅಲ್ಲೇ.

"ಅಂಗಡ್ಯಾಗ ಚೆಂದ ಕಂಡಿತ್ತು, ಮನ್ಯಾಗ ಮಬ್ಬು ಯಾಕ?" ಅಂಗಡಿಯವರು ಪೆನ್‌ಡ್ರೈವಿನಿಂದ 4ಕೆ ವಿಡಿಯೊ ಹಾಕಿ ತೋರಿಸಿರುತ್ತಾರೆ. ಮನೆಯಲ್ಲಿ ಓಡುವುದು ಎಸ್‌ಡಿ ಚಾನೆಲ್, 720 × 576 ಎಂದರೆ ನಾಲ್ಕು ಲಕ್ಷದಷ್ಟು ಚುಕ್ಕೆಗಳು. ಅದನ್ನೇ ದೊಡ್ಡ ಪರದೆಗೆ ಹಿಗ್ಗಿಸಿದಾಗ ಮಬ್ಬು ತಪ್ಪದು. ಇಲ್ಲದ ಚುಕ್ಕೆಯನ್ನು ಯಾವ ವೈರೂ ತರಲಾರದು.

ವೈರು ಬದಲಿಸಿದರೆ ಚಿತ್ರ ನಿಜಕ್ಕೂ ಚೆಂದವಾಗುವ ಸಂದರ್ಭವೊಂದಿದೆ. ಎಚ್‌ಡಿ ಬಾಕ್ಸ್ ತಂದು, ಹಳೆ ಟಿವಿಯ ಮೂರು ಪಿನ್ನಿನ ಎವಿ ವೈರನ್ನೇ ಸಿಕ್ಕಿಸಿಟ್ಟ ಮನೆಗಳಲ್ಲಿ ಅದನ್ನು ಕಿತ್ತು ಎಚ್‌ಡಿಎಂಐ ಹಾಕಿ, ಬಾಕ್ಸಿನ ಸೆಟ್ಟಿಂಗ್‌ನಲ್ಲಿ 1080 ಆರಿಸಿ ನೋಡಿ. ಎಚ್‌ಡಿ ಚಾನೆಲ್‌ನಲ್ಲಿ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ. ಅದಕ್ಕೆ ಇನ್ನೂರರ ವೈರೇ ಸಾಕು.