ಕಾಫಿ–ಚಹಗಳಲ್ಲಿ ಹಿತಮಿತ

ಜಂಗಮಕೋಟೆಯ ಸೀಮೆಯಲ್ಲಿ ಯಾವ ಮನೆಯ ಹೊಸ್ತಿಲು ದಾಟಿದರೂ ಮೊದಲು ನೀರಿನ ಚೊಂಬು, ಅದರ ಹಿಂದೆಯೇ ಕಾಫಿಯ ಅಥವಾ ಚಹದ ಲೋಟ ಬರುತ್ತದೆ. ಬಂದವರನ್ನು ಬರಿಬಾಯಲ್ಲಿ ಕಳುಹಿಸುವ ಪದ್ಧತಿ ನಮ್ಮ ಮನೆತನಗಳಲ್ಲಿಲ್ಲ. ಕೊಟ್ಟದ್ದನ್ನು ಬೇಡವೆನ್ನುವುದೂ ಮರ್ಯಾದೆಯಲ್ಲ. ಹೀಗೆ ಸತ್ಕಾರದ ಹೆಸರಿನಲ್ಲಿ ಒಳಬಂದ ಈ ಪಾನೀಯಗಳು ಈಗ ಎಷ್ಟೋ ಮನೆಗಳಲ್ಲಿ ದಿನಕ್ಕೆ ಐದಾರು ಸಲ ಬಳಕೆಯಾಗುತ್ತಿವೆ. ಅವುಗಳಲ್ಲಿರುವ ಕೆಫೀನ್ ಎಂಬ ದ್ರವ್ಯದ ಪ್ರಮಾಣವೆಷ್ಟು, ಅದರ ಕಾರ್ಯವೇನು, ಮಿತಿಮೀರಿದಾಗ ತಗ್ಗಿಸುವ ಬಗೆ ಯಾವುದು ಎಂಬುದನ್ನು ಸದ್ಭಕ್ತ ಕುಟುಂಬಗಳ ಮುಂದಿರಿಸಲು ಬಯಸುತ್ತೇವೆ.

ಕೆಫೀನ್ ಎಂದರೇನು?

ಕಾಫಿ ನಮ್ಮ ನಾಡಿಗೆ ಹೊಸದಲ್ಲ. ಹದಿನೇಳನೆಯ ಶತಮಾನದಲ್ಲಿ ಬಾಬಾ ಬುಡನ್ ಅವರು ಯೆಮನ್ ದೇಶದ ಮೋಖಾ ಬಂದರಿನಿಂದ ಏಳು ಬೀಜಗಳನ್ನು ತಂದು ಚಿಕ್ಕಮಗಳೂರಿನ ಗಿರಿಯಲ್ಲಿ ಬಿತ್ತಿದರೆಂಬ ಪ್ರತೀತಿಯಿದೆ. 1925ರಲ್ಲಿ ಮೈಸೂರು ಸಂಸ್ಥಾನವು ಬಾಳೆಹೊನ್ನೂರಿನ ಬಳಿ ಕಾಫಿ ಸಂಶೋಧನೆಗೆಂದೇ ಕೇಂದ್ರವೊಂದನ್ನು ತೆರೆಯಿತು. ಭಾರತದಲ್ಲಿ ಬೆಳೆಯುವ ಕಾಫಿಯಲ್ಲಿ ಸುಮಾರು ಶೇಕಡ 70 ಭಾಗ ಕರ್ನಾಟಕದ್ದೇ ಆಗಿದೆ.

ಕಾಫಿ ಬೀಜದಿಂದ ಕೆಫೀನನ್ನು 1819ರಲ್ಲಿ ಬೇರ್ಪಡಿಸಿ ತೋರಿಸಿದವನು ಜರ್ಮನಿಯ ರಸಾಯನಶಾಸ್ತ್ರಜ್ಞ ರುಂಗೆ. ನಾವು ಎಚ್ಚರವಾಗಿರುವಷ್ಟು ಹೊತ್ತೂ ಮಿದುಳಿನಲ್ಲಿ ಅಡಿನೋಸಿನ್ ಎಂಬ ದ್ರವ್ಯ ಸಂಗ್ರಹವಾಗುತ್ತ ಹೋಗುತ್ತದೆ. ಅದು ಹೆಚ್ಚಿದಂತೆ ನಿದ್ರೆ ಆವರಿಸುತ್ತದೆ. ಕೆಫೀನ್ ಈ ಅಡಿನೋಸಿನ್ ಕುಳಿತುಕೊಳ್ಳಬೇಕಾದ ಸ್ಥಾನವನ್ನು ತಾನು ಆಕ್ರಮಿಸುತ್ತದೆ. ಆಗ ದಣಿವು ದೇಹದಲ್ಲಿಯೇ ಉಳಿದಿರುತ್ತದೆ, ಅದರ ಸುದ್ದಿ ಮಾತ್ರ ಮಿದುಳಿಗೆ ಮುಟ್ಟುವುದಿಲ್ಲ.

ಯಾವುದರಲ್ಲಿ ಎಷ್ಟು?

ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು ಮತ್ತು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿಯಲ್ಲಿ 150 ಮಿಲಿಲೀಟರ್ ಲೋಟಕ್ಕೆ ಹೀಗೆ ಲೆಕ್ಕ ಕೊಟ್ಟಿದ್ದಾರೆ:

ಪುಡಿಯಿಂದ ಇಳಿಸಿದ ಕಾಫಿ: 80ರಿಂದ 120 ಮಿಲಿಗ್ರಾಂ
ದಿಢೀರ್ ಕಾಫಿ: 50ರಿಂದ 65 ಮಿಲಿಗ್ರಾಂ
ಚಹ: 30ರಿಂದ 65 ಮಿಲಿಗ್ರಾಂ

ದಿನವೊಂದಕ್ಕೆ 300 ಮಿಲಿಗ್ರಾಂ ಮೀರಬಾರದೆಂದು ಅದೇ ಮಾರ್ಗಸೂಚಿ ಹೇಳುತ್ತದೆ. ಬೆಳಿಗ್ಗೆ ಎರಡು ಲೋಟ ಗಟ್ಟಿ ಕಾಫಿ, ಹಗಲಿನಲ್ಲಿ ಮೂರು ಲೋಟ ಚಹ ಕುಡಿಯುವವರು ಈ ಎಲ್ಲೆಯನ್ನು ಸುಲಭವಾಗಿ ದಾಟುತ್ತಾರೆ. ಹೋಟೆಲಿನ ಚಿಕ್ಕ ಲೋಟದಲ್ಲಿ ಇದರ ಅರ್ಧದಷ್ಟು ಇರಬಹುದು. ಆದುದರಿಂದ ಲೋಟಗಳ ಸಂಖ್ಯೆಯೊಡನೆ ಗಾತ್ರವನ್ನೂ ಗಟ್ಟಿತನವನ್ನೂ ಲೆಕ್ಕಕ್ಕೆ ಹಿಡಿಯಬೇಕು. ಪುಡಿಯ ಜಾತಿಯೂ ಮುಖ್ಯ. ರೊಬಸ್ಟಾ ಬೀಜದಲ್ಲಿ ಅರೇಬಿಕಾದ ಸುಮಾರು ಇಮ್ಮಡಿ ಕೆಫೀನ್ ಇರುತ್ತದೆ. ಚಿಕೋರಿಯಲ್ಲಿ ಅದು ಇಲ್ಲವೇ ಇಲ್ಲ.

ಕೋಲಾ ಪಾನೀಯದ 300 ಮಿಲಿಲೀಟರಿನಲ್ಲಿ ಸುಮಾರು 30 ಮಿಲಿಗ್ರಾಂ ಕೆಫೀನ್ ಉಂಟು. ಶಕ್ತಿವರ್ಧಕವೆಂದು ಮಾರುವ ಡಬ್ಬಿಗಳಲ್ಲಿ ಲೀಟರಿಗೆ 300 ಮಿಲಿಗ್ರಾಂವರೆಗೂ ಕೆಫೀನ್ ಇರಲು ನಮ್ಮ ದೇಶದ ನಿಯಮ ಅವಕಾಶ ಕೊಟ್ಟಿದೆ. ಇವು ಮಕ್ಕಳಿಗೆ, ಗರ್ಭಿಣಿಯರಿಗೆ, ಬಾಣಂತಿಯರಿಗೆ ತಕ್ಕದ್ದಲ್ಲವೆಂದು ಡಬ್ಬಿಯ ಮೇಲೆಯೇ ಮುದ್ರಿಸಬೇಕಾಗಿದೆ. ಪರೀಕ್ಷೆಯ ಕಾಲದಲ್ಲಿ ಮಕ್ಕಳ ಕೈಗೆ ಇವನ್ನು ಕೊಡುವ ತಂದೆತಾಯಂದಿರು ಆ ಸಾಲನ್ನು ಓದಲಿ. ಕೆಲವು ತಲೆನೋವಿನ ಮಾತ್ರೆಗಳಲ್ಲಿಯೂ ಕೆಫೀನ್ ಸೇರಿರುವುದುಂಟು.

ರೇಷ್ಮೆ ಮನೆಯ ರಾತ್ರಿಗಳು

ಶಿಡ್ಲಘಟ್ಟ ತಾಲ್ಲೂಕು ರೇಷ್ಮೆಯ ನೆಲೆ. ಹುಳುಗಳು ನಾಲ್ಕನೆಯ ಜ್ವರ ಕಳೆದೆದ್ದ ಮೇಲೆ ಸೊಪ್ಪಿಗೆ ಬಿಡುವಿಲ್ಲ. ರಾತ್ರಿ ತಡವಾಗಿ ಒಮ್ಮೆ, ಬೆಳಗಿನ ಜಾವ ಮತ್ತೊಮ್ಮೆ ಸೊಪ್ಪು ಹಾಕಬೇಕು, ಹಣ್ಣಾದ ಹುಳುಗಳನ್ನು ಆರಿಸಿ ಚಂದ್ರಿಕೆಗೆ ಬಿಡಬೇಕು. ಈ ದಿನಗಳಲ್ಲಿ ರೈತ ದಂಪತಿಗಳನ್ನು ಎಚ್ಚರವಾಗಿಡುವುದು ಚಹವೇ. ಕಾಯಕಕ್ಕಾಗಿ ನಿದ್ರೆ ಬಿಡುವವರನ್ನು ನಾವು ಆಕ್ಷೇಪಿಸಲಾರೆವು. ಆದರೆ ಒಂದು ಸಂಗತಿ ತಿಳಿದಿರಲಿ. ಕುಡಿದ ಕೆಫೀನಿನ ಅರ್ಧಭಾಗ ದೇಹದಿಂದ ಹೊರಹೋಗಲು ಸಾಮಾನ್ಯವಾಗಿ ಐದು ಗಂಟೆ ಹಿಡಿಯುತ್ತದೆ. ಸಂಜೆ ಐದಕ್ಕೆ 100 ಮಿಲಿಗ್ರಾಮಿನ ಕಾಫಿ ಕುಡಿದವರ ಮೈಯಲ್ಲಿ ರಾತ್ರಿ ಹತ್ತಕ್ಕೂ 50 ಮಿಲಿಗ್ರಾಂ, ಅಂದರೆ ಒಂದು ಲೋಟ ಚಹದಷ್ಟು ಉಳಿದಿರುತ್ತದೆ. ಸಿಕ್ಕ ನಾಲ್ಕು ಗಂಟೆಯ ನಿದ್ರೆಯೂ ಆಗ ಗಾಢವಾಗುವುದಿಲ್ಲ. ಮರುದಿನದ ಮಂಪರಿಗೆ ಮತ್ತೊಂದು ಲೋಟ ಬೇಕಾಗುತ್ತದೆ. ಗೂಡು ಮಾರುಕಟ್ಟೆಗೆ ಹೋದ ಮೇಲಾದರೂ ಈ ಸುತ್ತನ್ನು ಕಡಿಯಬೇಕು.

ತಾಯಂದಿರ ಗಮನಕ್ಕೆ

ಕೆಫೀನಿಗಿಂತ ಬೇರೆಯಾದ ಇನ್ನೊಂದು ದೋಷ ಚಹ–ಕಾಫಿಗಳಲ್ಲಿದೆ. ಅವುಗಳ ಟ್ಯಾನಿನ್ ಎಂಬ ಒಗರು ದ್ರವ್ಯವು ಆಹಾರದ ಕಬ್ಬಿಣವನ್ನು ಹಿಡಿದಿಟ್ಟು ರಕ್ತಕ್ಕೆ ಸೇರಗೊಡುವುದಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ನಮ್ಮ ದೇಶದಲ್ಲಿ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಶೇಕಡ 57 ಮಂದಿ ರಕ್ತಹೀನತೆಯುಳ್ಳವರು. ಮುದ್ದೆ, ಸೊಪ್ಪಿನ ಬಸ್ಸಾರು ಉಂಡು ಕೈತೊಳೆದೊಡನೆ ಚಹ ಕುಡಿದರೆ ಸೊಪ್ಪಿನ ಫಲ ಬಹುಮಟ್ಟಿಗೆ ವ್ಯರ್ಥ. ಊಟಕ್ಕೆ ಒಂದು ಗಂಟೆ ಮುಂಚೆ, ಊಟವಾದ ಒಂದು ಗಂಟೆಯವರೆಗೆ ಇವೆರಡನ್ನೂ ಬಿಡಬೇಕೆಂಬುದು ಮೇಲೆ ಹೇಳಿದ ಮಾರ್ಗಸೂಚಿಯ ಸಲಹೆ. ಕಬ್ಬಿಣದ ಮಾತ್ರೆಯನ್ನಂತೂ ಚಹದೊಡನೆ ನುಂಗಲೇಬಾರದು.

ಗರ್ಭಿಣಿಯರಲ್ಲಿ ಕೆಫೀನ್ ಇಳಿಯುವುದು ಬಹಳ ನಿಧಾನ. ಕಡೆಯ ತಿಂಗಳುಗಳಲ್ಲಿ ಹದಿನೈದು ಗಂಟೆಯಾದರೂ ಅರ್ಧ ಉಳಿದಿರಬಹುದು. ಅದು ಗರ್ಭಸ್ಥ ಶಿಶುವನ್ನೂ ಮುಟ್ಟುತ್ತದೆ. ಅವರಿಗೆ 200 ಮಿಲಿಗ್ರಾಂ ಮೇರೆಯೆಂದು ಐರೋಪ್ಯ ಆಹಾರ ಸುರಕ್ಷತಾ ಪ್ರಾಧಿಕಾರ 2015ರಲ್ಲಿ ಹೇಳಿದೆ. ಎದೆಬಡಿತ ಹೆಚ್ಚುವವರು, ನಿದ್ರಾಹೀನರು ವೈದ್ಯರನ್ನು ಕೇಳಿ ಇನ್ನೂ ಕಡಿಮೆ ಮಾಡುವುದು ಲೇಸು.

ತಗ್ಗಿಸುವ ಬಗೆ

ಕಾಫಿ ವಿಷವಲ್ಲ, ಆರೋಗ್ಯವಂತರು ಮಿತಿಯಲ್ಲಿ ಕುಡಿದರೆ ಭಯಪಡಬೇಕಾದುದಿಲ್ಲ. ಇಂದೇ ಬಿಟ್ಟೆನೆಂದು ಶಪಥ ಮಾಡುವುದು ಮಾತ್ರ ವಿವೇಕವಲ್ಲ. ಒಮ್ಮೆಲೇ ಬಿಟ್ಟವರಿಗೆ 12ರಿಂದ 24 ಗಂಟೆಯೊಳಗೆ ತಲೆನೋವು, ಜಡತೆ, ಸಿಡುಕು ಕಾಣಿಸಿಕೊಳ್ಳಬಹುದು. ಇದು ಕೆಲವರಲ್ಲಿ ಒಂಬತ್ತು ದಿನದವರೆಗೂ ಇರುತ್ತದೆ. ವ್ರತಹಿಡಿದ ದಿನ ತಲೆ ಸಿಡಿಯುವುದಕ್ಕೆ ಹಸಿವಷ್ಟೇ ಅಲ್ಲ, ತಪ್ಪಿದ ಕಾಫಿಯೂ ಕಾರಣವಾಗಿರಬಹುದು.

ಆದುದರಿಂದ ವಾರಕ್ಕೊಂದು ಲೋಟದಂತೆ ಇಳಿಸಿರಿ. ಮೊದಲು ಬಿಡಬೇಕಾದದ್ದು ಸಂಜೆಯದು, ಬೆಳಗಿನದು ಕಡೆಗೆ. ಗೃಹಿಣಿಯರು ದೊಡ್ಡ ಲೋಟವನ್ನು ಒಳಗಿಟ್ಟು ಚಿಕ್ಕದನ್ನು ಹೊರತೆಗೆಯಲಿ, ಡಿಕಾಕ್ಷನ್ನು ಕಡಿಮೆ ಮಾಡಿ ಹಾಲು ಹೆಚ್ಚಿಸಲಿ. ಎರಡನೆಯ ಸಲ ಇಳಿಸಿದ ತೆಳು ಡಿಕಾಕ್ಷನ್ನು ಮಧ್ಯಾಹ್ನಕ್ಕೆ ಸಾಕು. ಚಹದ ಸೊಪ್ಪನ್ನು ಬಹಳ ಹೊತ್ತು ಕುದಿಸದಿರಲಿ. ಹೋಟೆಲುಗಳಲ್ಲಿ ‘ಬೈಟು’ ಎಂದು ಒಂದನ್ನು ಇಬ್ಬರು ಹಂಚಿಕೊಳ್ಳುವ ನಮ್ಮ ರೂಢಿ ಹಣವನ್ನಷ್ಟೇ ಅಲ್ಲ, ನಿದ್ರೆಯನ್ನೂ ಉಳಿಸುತ್ತದೆ. ಲೋಟ ಕಡಿಮೆಯಾದಂತೆ ಸಕ್ಕರೆಯೂ ಕಡಿಮೆಯಾಗುವುದು ಮಧುಮೇಹಿಗಳಿಗೆ ದೊಡ್ಡ ಲಾಭ.

ಸತ್ಕಾರಕ್ಕೆ ಕೊರತೆಯೆಂದು ಯಾರೂ ಅಂಜಬೇಕಾಗಿಲ್ಲ. ಮಧ್ಯಾಹ್ನದ ಅತಿಥಿಗೆ ಒಗ್ಗರಣೆಯ ಮಜ್ಜಿಗೆ, ಸಂಜೆ ಬಂದವರಿಗೆ ಧನಿಯ–ಜೀರಿಗೆಯ ಕಷಾಯ, ಹೊಲದಿಂದ ಬಂದವರಿಗೆ ರಾಗಿ ಅಂಬಲಿ ಕೊಡಬಹುದು. ಇವುಗಳಲ್ಲಿ ಕೆಫೀನಿಲ್ಲ. ಅತಿಥಿಯಾದವರೂ “ತಾಯಿ, ಮಜ್ಜಿಗೆ ಇದ್ದರೆ ಅದನ್ನೇ ಕೊಡಿ” ಎಂದು ಮೊದಲೇ ಹೇಳಿದರೆ ಕೊಡುವವರಿಗೂ ನೋವಿಲ್ಲ. ಕೊಡುವ ಮನಸ್ಸು ದೊಡ್ಡದಿರಲಿ, ಕಾಫಿಯ ಲೋಟ ಚಿಕ್ಕದಿರಲಿ ಎಂದು ಹಾರೈಸುತ್ತೇವೆ.