ಪಾದ್ರಿಗೆ ವರ್ಗ, ಮಗುವಿನ ಬಾಯಿಗೆ ಬೀಗ!

ನ್ಯೂಕಾಸಲ್ ಅಂದರೆ ಆಸ್ಟ್ರೇಲಿಯಾದ ಕಲ್ಲಿದ್ದಲಿನ ಊರು. ಸಿಡ್ನಿಯಿಂದ ಉತ್ತರಕ್ಕೆ ಸುಮಾರು 160 ಕಿಲೋಮೀಟರ್. ಗಣಿಯಿಂದ ಬಂದ ಕಲ್ಲಿದ್ದಲು ಅಲ್ಲಿ ಹಡಗು ಹತ್ತುತ್ತದೆ. ಅಲ್ಲೊಂದು ಊರ ಪತ್ರಿಕೆ ಉಂಟು, 'ನ್ಯೂಕಾಸಲ್ ಹೆರಾಲ್ಡ್' ಅಂತ. ಸಿಡ್ನಿಯ ದೊಡ್ಡ ಪತ್ರಿಕೆಗಳ ಎದುರು ಅದೂ ನಮ್ಮ ಜಾತಿಯದೇ, ಜಿಲ್ಲೆಯ ಸುದ್ದಿ ಜಿಲ್ಲೆಯವರಿಗೆ. ಈ ಪತ್ರಿಕೆಯ ವರದಿಗಾರ್ತಿ ಜೋಆನ್ ಮೆಕಾರ್ಥಿ ಎಂಬಾಕೆ ದೇಶದ ಪ್ರಧಾನಿಯಿಂದಲೇ ತನಿಖೆ ಹೊರಡಿಸಿದ ಸಂಗತಿ ಸಣ್ಣ ಪತ್ರಿಕೆಯವರೆಲ್ಲ ತಿಳಿಯಬೇಕಾದ್ದು.

2006ರಲ್ಲಿ ಆಕೆಗೆ ಬಂದ ಒಂದು ಫೋನ್ ಕರೆಯಿಂದ ಇದು ಶುರು. ಮಕ್ಕಳ ಮೇಲೆ ಲೈಂಗಿಕ ದೌರ್ಜನ್ಯ ನಡೆಸಿದ ಪಾದ್ರಿಗಳ ವಿಚಾರ. ಒಂದು ಬರೆದರೆ ಇನ್ನೊಬ್ಬರ ಕರೆ ಬರೋದು. ಅದನ್ನೂ ಬರೆದರೆ ಮತ್ತಿಬ್ಬರು. ಕರೆ ಮಾಡಿದವರು ಮಕ್ಕಳಲ್ಲ ಸ್ವಾಮೀ, ತಲೆ ನರೆತ ಗಂಡಸರು, ಮೊಮ್ಮಕ್ಕಳ ಕಂಡ ಹೆಂಗಸರು. ಅವರು ಮಕ್ಕಳಾಗಿದ್ದಾಗ ಹೇಳಿದ್ದರೆ ಕೇಳುವವರು ಯಾರಿದ್ದರು? ಹೇಳಿದವರಿಗೆ ಮನೆಯಲ್ಲೇ ಏಟು ಬಿದ್ದದ್ದೂ ಉಂಟು, ದೇವರ ಮನುಷ್ಯನ ಮೇಲೆ ಸುಳ್ಳು ಹೇಳ್ತೀಯಾ ಅಂತ.

ಆ ಸೀಮೆಯ ಒಂದು ಪ್ರಕರಣ ನೋಡಿ. ಒಬ್ಬ ಪಾದ್ರಿ ಹುಡುಗರಿಗೆ ಏನು ಮಾಡುತ್ತಿದ್ದಾನೆ ಎಂಬುದು 1975ರಲ್ಲೇ ಕ್ಯಾಥೊಲಿಕ್ ಧರ್ಮಪ್ರಾಂತ್ಯದ ಹಿರಿಯರ ಕಿವಿಗೆ ಬಿತ್ತು. ಪೊಲೀಸರಿಗೆ ಹೇಳಿದರೇ? ಇಲ್ಲ. ಅವನನ್ನು ಓದುವ ನೆಪದಲ್ಲಿ ಮೆಲ್ಬರ್ನ್‌ಗೆ ಕಳಿಸಿದರು. ಸುಮಾರು ಒಂದು ವರ್ಷ ಕಳೆದ ಮೇಲೆ ವಾಪಸು ಕರೆಸಿ ಮತ್ತೆ ಚರ್ಚಿನ ಕೆಲಸಕ್ಕೇ ಹಚ್ಚಿದರು. ಪೊಲೀಸರು ಅವನನ್ನು ಹಿಡಿದದ್ದು 1995ರಲ್ಲಿ. ನಡುವೆ ಇಪ್ಪತ್ತು ವರ್ಷ! ಆ ವರ್ಷಗಳಲ್ಲಿ ಕೆಟ್ಟ ಒಂದೊಂದು ಬಾಲ್ಯಕ್ಕೂ ಆ ಒಂದು ವರ್ಗಾವಣೆಯೇ ಮೂಲ.

2012ರಲ್ಲಿ ಇಂಥ ದೌರ್ಜನ್ಯ ಉಂಡಿದ್ದ ಒಬ್ಬಾತ ನೋವು ತಾಳದೆ ಜೀವ ಕಳೆದುಕೊಂಡ. ಆಗ ಹೆರಾಲ್ಡ್ ಪತ್ರಿಕೆ ಚಳವಳಿಯನ್ನೇ ಹೂಡಿತು. ಬರೀ ಕ್ರಿಮಿನಲ್ ಕೇಸು ಸಾಲದು, ಮುಚ್ಚಿಟ್ಟ ಸಂಸ್ಥೆಗಳ ತನಿಖೆಯೇ ಆಗಬೇಕು ಅಂತ. ಅದೇ ನವೆಂಬರಿನಲ್ಲಿ ಪೀಟರ್ ಫಾಕ್ಸ್ ಎಂಬ ಪೊಲೀಸ್ ಅಧಿಕಾರಿ ಟಿವಿಯಲ್ಲಿ ಕೂತು ಬಾಯಿಬಿಟ್ಟ. ನಾಲ್ಕೇ ದಿನ. ನವೆಂಬರ್ 12ಕ್ಕೆ ಪ್ರಧಾನಿ ಜೂಲಿಯಾ ಗಿಲ್ಲಾರ್ಡ್ ರಾಯಲ್ ಕಮಿಷನ್ ಘೋಷಿಸಿದರು. ಮರುವರ್ಷ ಕುರ್ಚಿ ಬಿಡುವ ಹೊತ್ತಿಗೆ ಮೆಕಾರ್ಥಿಗೆ ಪತ್ರ ಬರೆದು ಕೃತಜ್ಞತೆಯನ್ನೂ ಹೇಳಿದರು. ನಮ್ಮ ಕಡೆ ಪತ್ರಕರ್ತನಿಗೆ ಬರುವುದು ವಕೀಲರ ನೋಟೀಸು!

ಕಮಿಷನ್ ಅಂದರೆ ನಮಗೆ ಗೊತ್ತಿರುವುದು ಬೇರೆ. ಅವಧಿ ವಿಸ್ತರಣೆ, ಭತ್ಯೆ, ಕೊನೆಗೆ ಗೆದ್ದಲಿಗೆ ಊಟ. ಇದು ಹಾಗಾಗಲಿಲ್ಲ. ನ್ಯಾಯಮೂರ್ತಿ ಪೀಟರ್ ಮೆಕ್ಲೆಲನ್ ಮುಂದಾಳು, ಒಟ್ಟು ಆರು ಮಂದಿ. ಐದು ವರ್ಷದಲ್ಲಿ 57 ಬಹಿರಂಗ ವಿಚಾರಣೆ ನಡೆಸಿದರು. ಚರ್ಚು, ಅನಾಥಾಲಯ, ಬೋರ್ಡಿಂಗ್ ಶಾಲೆ, ಈಜು ತರಬೇತಿ, ಯಾವುದನ್ನೂ ಬಿಡಲಿಲ್ಲ. ಮೊದಲನೇ ವಿಚಾರಣೆಯೇ ಸ್ಕೌಟ್ಸ್ ಸಂಸ್ಥೆಯದು. ಬಿಷಪ್ಪರನ್ನು ಕೂರಿಸಿ ಹಳೇ ಫೈಲು ಬಿಚ್ಚಿ, ಈ ಕಾಗದ ನೀವು ಓದಿದ್ದು ಯಾವಾಗ ಅಂತ ಕೇಳಿದರು.

ಆದರೆ ನಿಜವಾದ ಕೆಲಸ ನಡೆದದ್ದು ಮುಚ್ಚಿದ ಬಾಗಿಲ ಹಿಂದೆ. ನೊಂದವರು ಬಂದು ಕಮಿಷನರ ಎದುರು ಕೂತು ತಮ್ಮದೇ ಮಾತಿನಲ್ಲಿ ಹೇಳಬಹುದು. ಪ್ರಮಾಣವಿಲ್ಲ, ಪಾಟೀಸವಾಲಿಲ್ಲ. ಇದಕ್ಕಾಗಿ ಕಾಯಿದೆಯನ್ನೇ ತಿದ್ದಿದರು. 8,000ಕ್ಕೂ ಹೆಚ್ಚು ಜನ ಹೀಗೆ ಹೇಳಿಕೊಂಡರು. ಜೈಲಿಗೂ ಹೋಗಿ ಕೈದಿಗಳ ಮಾತು ಕೇಳಿದರು. ಮೊದಲ ಬಾರಿ ಬಾಯಿಬಿಡಲು ಇವರಿಗೆ ಹಿಡಿದದ್ದು ಸರಾಸರಿ 24 ವರ್ಷ. ಕೋರ್ಟಿನಲ್ಲಿ 'ಇಷ್ಟು ತಡ ಯಾಕೆ?' ಅಂತ ಕೇಳುವ ವಕೀಲರು ಈ ಲೆಕ್ಕ ಗೋಡೆಗೆ ಅಂಟಿಸಿಕೊಳ್ಳಲಿ. 2,500ಕ್ಕೂ ಹೆಚ್ಚು ಪ್ರಕರಣ ಪೊಲೀಸರು ಮತ್ತಿತರ ಅಧಿಕಾರಿಗಳ ಕೈಗೆ ಹೋದವು. 1980ರಿಂದ 2015ರವರೆಗೆ ಕ್ಯಾಥೊಲಿಕ್ ಸಂಸ್ಥೆಗಳಿಗೇ ಇಂಥ ದೂರು ಕೊಟ್ಟಿದ್ದವರ ಸಂಖ್ಯೆ 4,444 ಎಂದು ಬಯಲಾಯಿತು. ದೂರು ಅವರ ಬಳಿಯೇ ಇತ್ತು, ಕಪಾಟಿನಲ್ಲಿ.

2017ರ ಡಿಸೆಂಬರ್ 15ಕ್ಕೆ 17 ಸಂಪುಟದ ವರದಿ ಬಂತು. ಪಾಪನಿವೇದನೆಯಲ್ಲಿ ಕೇಳಿದ್ದಾದರೂ ಪೊಲೀಸರಿಗೆ ಹೇಳಲೇಬೇಕು ಅಂದಿತು ಕಮಿಷನ್. ಆಗೋದಿಲ್ಲ ಅಂದರು ಬಿಷಪ್ಪರು. 2018ರ ಅಕ್ಟೋಬರಿನಲ್ಲಿ ಪ್ರಧಾನಿ ಸ್ಕಾಟ್ ಮಾರಿಸನ್ ಸಂಸತ್ತಿನಲ್ಲಿ ನಿಂತು ದೇಶದ ಪರವಾಗಿ ಕ್ಷಮೆ ಕೇಳಿದರು. ಪರಿಹಾರ ಯೋಜನೆಯೂ ಬಂತು, ತಲೆಗೆ ಗರಿಷ್ಠ ಒಂದೂವರೆ ಲಕ್ಷ ಡಾಲರ್.

ಇಲ್ಲಿಗೂ ಒಂದು ಮಾತು. ಗಿಲ್ಲಾರ್ಡ್ ಕಮಿಷನ್ ಘೋಷಿಸಿದ ಎರಡೇ ದಿನಕ್ಕೆ, 2012ರ ನವೆಂಬರ್ 14ರಂದು, ನಮ್ಮ ಪೋಕ್ಸೋ ಕಾಯಿದೆ ಜಾರಿಗೆ ಬಂತು. ಗೊತ್ತಿದ್ದೂ ದೂರು ಕೊಡದವನಿಗೆ ಆರು ತಿಂಗಳವರೆಗೆ, ತನ್ನ ಕೈಕೆಳಗಿನವನನ್ನು ಮುಚ್ಚಿಟ್ಟ ಸಂಸ್ಥೆಯ ಮುಖ್ಯಸ್ಥನಿಗೆ ಒಂದು ವರ್ಷದವರೆಗೆ ಜೈಲು ಅಂತ ಅದರಲ್ಲೇ ಬರೆದಿದೆ. ಆದರೂ ಬಿಹಾರದ ಮುಜಫ್ಫರ್‌ಪುರದ ಬಾಲಿಕಾಶ್ರಮದ ನರಕ 2018ರಲ್ಲಿ ಹೊರಬಿದ್ದದ್ದು ಟಾಟಾ ಸಮಾಜ ವಿಜ್ಞಾನ ಸಂಸ್ಥೆಯವರ ಆಡಿಟ್‌ನಿಂದ. ತಪಾಸಣೆಗೆ ಹೋದ ಅಧಿಕಾರಿಗಳಿಗೆ ಅಲ್ಲಿಯವರೆಗೆ ಕಣ್ಣಿರಲಿಲ್ಲವೇ?

ಆಸ್ಟ್ರೇಲಿಯಾದಲ್ಲೂ ಎಲ್ಲ ಮುಗಿದಿಲ್ಲ. ಚರ್ಚ್ ಕಾನೂನಿನ ಪ್ರಕಾರ ಒಂದು 'ವ್ಯಕ್ತಿ'ಯೇ ಅಲ್ಲ, ದಾವೆ ಹೂಡುವುದು ಯಾರ ಮೇಲೆ ಎಂಬ ವಾದ 2007ರಲ್ಲಿ ಅಲ್ಲಿನ ಕೋರ್ಟಿನಲ್ಲಿ ಗೆದ್ದಿತ್ತು. ವರದಿಯ ಬಳಿಕ ರಾಜ್ಯಗಳು ಕಾಯಿದೆ ಬದಲಿಸಿ ಆ ಬಾಗಿಲು ಮುಚ್ಚಿದವು. ಆದರೆ 2024ರ ನವೆಂಬರಿನಲ್ಲಿ ಅಲ್ಲಿನ ಹೈಕೋರ್ಟು, ಅದೇ ಅವರ ಸರ್ವೋಚ್ಚ ನ್ಯಾಯಾಲಯ, ಇನ್ನೊಂದು ತೀರ್ಪು ಕೊಟ್ಟಿತು. ಪಾದ್ರಿ ಚರ್ಚಿನ ಸಂಬಳದ ನೌಕರನಲ್ಲ. ಹಾಗಾಗಿ ಅವನು ಮಾಡಿದ್ದಕ್ಕೆ, ಮಾಲೀಕ ನೌಕರನಿಗೆ ಹೊಣೆಯಾಗುವಂತೆ, ಧರ್ಮಪ್ರಾಂತ್ಯ ಹೊಣೆಯಲ್ಲ ಅಂತ.