‘ಪಿತ್ತನಾಳ ಉಬ್ಬಿದೆ’ ಅಂತ ರಿಪೋರ್ಟ್ ಬಂದರೆ ಬೀರುವಿಗೆ ಹಾಕಬೇಡಿ

ಬಳ್ಳಾರಿಯಿಂದ ಮಾತಾಡ್ತಿದ್ದೀನಿ. ಸಿರುಗುಪ್ಪ ಬಸ್ಸಲ್ಲಿ ಇಯರ್‌ಫೋನ್ ಹಾಕ್ಕೊಂಡು ಕೂತಿದ್ದೀರಾ? ಇವತ್ತಿನ ವಿಷಯ ಆ ದಾರಿಯದ್ದೇ.

ಸಿರುಗುಪ್ಪದಲ್ಲಿರೋ ನನ್ನ ಸೋದರತ್ತೆಗೆ ವರ್ಷಗಟ್ಟಲೆ ಬಲಗಡೆ ಪಕ್ಕೆಲುಬಿನ ಕೆಳಗೆ ನೋವು. ಗ್ಯಾಸ್ ಅಂದ್ಕೊಂಡು ಗುಳಿಗೆ ನುಂಗಿದರು. ಒಮ್ಮೆ ಕಣ್ಣು ಹಳದಿಯಾಯ್ತು. ಕುರುಗೋಡು ಕಡೆ ಕರ್ಕೊಂಡು ಹೋಗಿ ಕಾಮಣಿಗೆ ನಾಟಿ ಔಷಧಿ ಕುಡಿಸಿದ್ವಿ. ಹಳದಿ ಇಳೀತು, ಔಷಧಿಗೆ ಹೆಸರು ಬಂತು. ಆಮೇಲೆ ಮಾಡಿಸಿದ ಅಲ್ಟ್ರಾಸೌಂಡ್ ರಿಪೋರ್ಟಲ್ಲಿ ‘ಪಿತ್ತನಾಳ ಉಬ್ಬಿದೆ, ಕಲ್ಲಿಲ್ಲ’ ಅಂತಿತ್ತು. ಕಲ್ಲಿಲ್ಲ ಅನ್ನೋದನ್ನಷ್ಟೇ ಓದಿ ಎರಡು ವರ್ಷ ಬೀರುವಿನಲ್ಲಿಟ್ವಿ. ಹಾಗೆ ಓದಿದವನು ನಾನೇ.

ಅದು ಕೊಲೆಡೋಕಲ್ ಸಿಸ್ಟ್. ಅಂದರೆ ಲಿವರ್‌ನಿಂದ ಕರುಳಿಗೆ ಪಿತ್ತ ಒಯ್ಯೋ ನಾಳ ಚೀಲದ ಹಾಗೆ ಹಿಗ್ಗಿರೋದು. ಸಾಮಾನ್ಯವಾಗಿ ಹುಟ್ಟಿನಿಂದಲೇ ಬರೋ ದೋಷ, ಏಷ್ಯಾದಲ್ಲಿ ಹೆಚ್ಚು, ಗಂಡಸರಿಗಿಂತ ಹೆಂಗಸರಲ್ಲಿ ಮೂರ್ನಾಲ್ಕು ಪಟ್ಟು ಹೆಚ್ಚು. ಕೆಲವರಿಗೆ ದೊಡ್ಡವರಾದ ಮೇಲೇ ಗೊತ್ತಾಗುತ್ತೆ.

ಇದೇ ಕ್ಯಾನ್ಸರಾ? ಅಲ್ಲ. ಆದರೆ ಬಿಟ್ಟರೆ ಆಗಬಹುದು. ಯಾಕೆ ಅಂತ ನಮ್ಮ ಕಾಲುವೆ ಲೆಕ್ಕದಲ್ಲೇ ಹೇಳ್ತೀನಿ. ಪಿತ್ತನಾಳ, ಮೇದೋಜೀರಕ ಗ್ರಂಥಿಯ ನಾಳ ಎರಡೂ ಕರುಳಿನ ಬಾಯಿಯ ಗೇಟ್ ಹತ್ತಿರ ಕೂಡಬೇಕು. ಈ ರೋಗ ಇರೋ ಅನೇಕರಲ್ಲಿ ಅವು ಗೇಟಿಗಿಂತ ಮೇಲೇ ಕೂಡಿಬಿಟ್ಟಿರ್ತವೆ. ಗೇಟ್ ಮುಚ್ಚಿದಾಗ ಆ ಗ್ರಂಥಿಯ ರಸ ಹಿಂದಕ್ಕೆ ಹರಿದು ಪಿತ್ತನಾಳಕ್ಕೆ ನುಗ್ಗುತ್ತೆ. ಅದು ಊಟ ಕರಗಿಸೋ ರಸ ರೀ! ಉಬ್ಬಿದ ಜಾಗದಲ್ಲಿ ಪಿತ್ತವೂ ನಿಲ್ಲುತ್ತೆ. ಒಳಪದರ ಕೆರಳೋದು, ಗಾಯವಾಗೋದು, ಮಾಯೋದು, ಮತ್ತೆ ಕೆರಳೋದು. ವರ್ಷಗಟ್ಟಲೆ ಇದೇ ನಡೆದರೆ ಜೀವಕೋಶ ದಾರಿ ತಪ್ಪುತ್ತೆ. ಅದಕ್ಕೇ ವಯಸ್ಸಾದಷ್ಟೂ ಅಪಾಯ ಜಾಸ್ತಿ. ಹತ್ತು ವರ್ಷದೊಳಗಿನ ಮಕ್ಕಳಲ್ಲಿ ಕ್ಯಾನ್ಸರ್ ನೂರಕ್ಕೆ ಒಂದಕ್ಕಿಂತ ಕಡಿಮೆ. ದೊಡ್ಡವರಲ್ಲಿ ಹಲವು ಅಧ್ಯಯನಗಳು ನೂರಕ್ಕೆ 10ರಿಂದ 30 ಅಂತಾವೆ.

ಹೆದರಿಸ್ತಿಲ್ಲ. ನಾಳ ಉಬ್ಬಿದೆ ಅಂದ ಮಾತ್ರಕ್ಕೆ ಸಿಸ್ಟ್ ಅಲ್ಲ. ಕಲ್ಲಿಗೂ ಉಬ್ಬುತ್ತೆ, ಪಿತ್ತಕೋಶ ತೆಗೆಸಿದವರಲ್ಲೂ ಸ್ವಲ್ಪ ಹಿಗ್ಗಬಹುದು. ಎಂಆರ್‌ಸಿಪಿ ಅನ್ನೋ ಎಂಆರ್‌ಐ ಸ್ಕ್ಯಾನ್ ನಾಳಗಳ ನಕ್ಷೆಯನ್ನೇ ತೋರಿಸುತ್ತೆ. 1977ರಲ್ಲಿ ಜಪಾನಿನ ಟೊಡಾನಿ ಇವನ್ನ ಐದು ಬಗೆ ಮಾಡಿದರು, ಚಿಕಿತ್ಸೆ ಬಗೆ ನೋಡಿ ಬದಲಾಗುತ್ತೆ. ಹೆಚ್ಚಿನವರಿಗೆ ಉಬ್ಬಿದ ನಾಳವನ್ನೂ ಪಿತ್ತಕೋಶವನ್ನೂ ಪೂರ್ತಿ ತೆಗೆದು, ಲಿವರ್ ಕಡೆ ಉಳಿದ ನಾಳಕ್ಕೆ ಸಣ್ಣ ಕರುಳನ್ನ ಜೋಡಿಸ್ತಾರೆ.

ಅತ್ತೆ “ನಾಟಿ ಮುಗೀಲಿ ತಡಿ” ಅಂದರು. ತಡೀಲಿಲ್ಲ, ಬೆಂಗಳೂರಿಗೆ ಕರ್ಕೊಂಡು ಹೋದ್ವಿ. ತೆಗೆದ ಭಾಗದ ಲ್ಯಾಬ್ ರಿಪೋರ್ಟ್ ಬರೋವರೆಗಿನ ದಿನಗಳನ್ನ ನಾನು ಮರೆಯಲ್ಲ. ಕ್ಯಾನ್ಸರ್ ಇರಲಿಲ್ಲ. ಆದರೂ ಉಳಿದ ನಾಳದಲ್ಲಿ ಸ್ವಲ್ಪ ಅಪಾಯ ಇರುತ್ತೆ, ಅದಕ್ಕೆ ಜೀವನಪೂರ್ತಿ ಚೆಕಪ್.

ಖರ್ಚಿನ ಮಾತು: ಬಿಪಿಎಲ್ ಕಾರ್ಡ್ ಇದ್ದವರಿಗೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ನೆರವಿದೆ. ಈ ಆಪರೇಷನ್‌ಗೆ ಸಿಗುತ್ತಾ ಅಂತ ಬಳ್ಳಾರಿಯ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆಯಲ್ಲೇ ಮೊದಲು ಕೇಳಿ, ಅದೇ ನಾವೆಲ್ಲ ಈಗಲೂ ವಿಮ್ಸ್ ಅನ್ನೋದು.

ಕಣ್ಣು ಹಳದಿ, ಜತೆಗೆ ಚಳಿಜ್ವರ, ಹೊಟ್ಟೆನೋವು ಬಂದರೆ ಬೆಳಗಾಗಲಿ ಅಂತ ಕಾಯಬೇಡಿ, ಅದು ತುರ್ತು. ಇನ್ನೊಂದು, ಹಿಂದೆ ಸಿಸ್ಟ್ ತೆಗೀದೇ ಹಾಗೇ ಕರುಳಿಗೆ ಜೋಡಿಸ್ತಿದ್ದರು. ಅಂಥವರಲ್ಲಿ ಕ್ಯಾನ್ಸರ್ ಅಪಾಯ ಉಳಿದೇ ಇರುತ್ತೆ. ಮನೇಲಿ ಯಾರಿಗಾದ್ರೂ ಚಿಕ್ಕಂದಿನಲ್ಲಿ ಪಿತ್ತನಾಳದ ಆಪರೇಷನ್ ಆಗಿದ್ದರೆ ಹಳೇ ಡಿಸ್ಚಾರ್ಜ್ ಪೇಪರ್ ಹುಡುಕಿ, ಸರ್ಜನ್‌ಗೆ ತೋರಿಸಿ.